ಗುಡ್ಡದ ದ್ವೀಪಕ್ಕೆ ಕೇಳಿದ ಹೂವು

ಹೂವು ದೇವರ ಬಲಕ್ಕೆ ಬಿದ್ದಿತ್ತು. ಅದನ್ನು ನಾನು ನನ್ನ ತಮ್ಮನಿಗೆ ಹೇಳಲಿಲ್ಲ. ಬೆಳಗಿನ ಹೊತ್ತು, ಅವನು ಗೋಡೆಯ ಕಡೆ ಮುಖ ಮಾಡಿ ಕೂತು ಕಾಯುತ್ತಿದ್ದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವುದಷ್ಟೇ ನನ್ನ ಕೆಲಸವಾಗಿತ್ತು. ಅಷ್ಟನ್ನೂ ಮಾಡದೆ, ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಅವನ ಮನೆಯಲ್ಲೇ ಉಂಡೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಗಂಡ ತೀರಿಕೊಂಡ ಮೇಲೆ, ಮಂಡ್ಯದ ಕಡೆಯ ನಮ್ಮೂರಲ್ಲಿ ಒಬ್ಬಳೇ ಏನು ಮಾಡುತ್ತೀಯ ಎಂದು ತಮ್ಮ ನನ್ನನ್ನು ಅಮೆರಿಕದ ಮೌಂಟನ್ ವ್ಯೂಗೆ ಕರೆಸಿಕೊಂಡಿದ್ದ. ಎಂಬತ್ತರ ದಶಕದ ಮೊದಲ ವರ್ಷಗಳು. ಅವನು ನೆಲದಡಿಯ ನೀರಿನ ಎಂಜಿನಿಯರು. ಅವನ ಹೆಂಡತಿ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಡಾಕ್ಟರು, ರೈಲಿನಲ್ಲಿ ಹೋಗಿಬರುತ್ತಿದ್ದಳು. ಮಗಳಿಗೆ ಆಗ ಒಂಬತ್ತು. ಅಡುಗೆ ಮತ್ತು ಆ ಮಗು ನನ್ನ ಪಾಲಿಗೆ. ಮಗು ನನ್ನ ಕನ್ನಡವನ್ನು ಅರ್ಥ ಮಾಡಿಕೊಂಡು ಇಂಗ್ಲಿಷು ಬೆರೆಸಿ ಉತ್ತರ ಕೊಡುತ್ತಿತ್ತು. ಹೇಗೋ ನಡೆಯುತ್ತಿತ್ತು.

ಎರಡನೆಯ ವರ್ಷ ಆ ಗಡ್ಡದ ಅಮೆರಿಕನ್ ಬರತೊಡಗಿದ. ಬಹಳ ವರ್ಷ ಹಡಗಿನಲ್ಲಿ ದುಡಿದು ಬಿಟ್ಟವನು. ಮೊದಲ ದಿನವೇ, ಯಾರೂ ಹೇಳದೆ, ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದ. ಇವನಿಗೆ ಯಾರು ಹೇಳಿಕೊಟ್ಟರು ಎಂದು ನನಗೆ ಆಗಲೇ ಅನುಮಾನ. ಕಂಕುಳಲ್ಲಿ ಸುತ್ತಿದ ನಕ್ಷೆಗಳು. ಊಟದ ಮೇಜಿನ ಮೇಲೆ ಅವನ್ನು ಹರವಿ, ಅವು ಮತ್ತೆ ಸುತ್ತಿಕೊಳ್ಳದ ಹಾಗೆ ನಾಲ್ಕು ಮೂಲೆಗೂ ನನ್ನ ಸಾಂಬಾರು ಪುಡಿ ಡಬ್ಬ, ಬೆಲ್ಲದ ಡಬ್ಬ ಇಟ್ಟ. ಅಂದಿನಿಂದ ಪ್ರತಿ ಶನಿವಾರ ಅದೇ.

ವಿಷಯ ಏನೆಂದು ತಮ್ಮ ಬಿಡಿಸಿ ಹೇಳಿದ. ಒಂಬತ್ತು ಮನೆಯವರು ಸೇರಿ ಪೆಸಿಫಿಕ್ ಸಾಗರದ ದಕ್ಷಿಣಕ್ಕೆ, ಬಿಸಿಲಿನ ಸೀಮೆಯಲ್ಲಿ, ಯಾರೂ ವಾಸವಿಲ್ಲದ ಒಂದು ದ್ವೀಪವನ್ನು ಆರಿಸಿ ಊರು ಕಟ್ಟುತ್ತಾರೆ. ಅಲ್ಲಿನ ಸರ್ಕಾರ ಐದು ದ್ವೀಪಗಳನ್ನು ತೋರಿಸಿ, ಬೇಕಾದ್ದನ್ನು ಗುತ್ತಿಗೆಗೆ ತೆಗೆದುಕೊಳ್ಳಿ ಎಂದಿದೆ. ಕಾರಿಲ್ಲ, ಫ್ರೀವೇ ಇಲ್ಲ. ತೆಂಗು, ಮೀನು, ಗೆಣಸು. ಇವನು ನೀರು ನೋಡಿಕೊಳ್ಳುವವನು, ಹೆಂಡತಿ ಡಾಕ್ಟರು. ಹೇಳುವಾಗ ಅವನ ಮುಖ ನೋಡಬೇಕಿತ್ತು. ಕಾಲೇಜಿಗೆ ಸೀಟು ಸಿಕ್ಕ ದಿನವೂ ಅಷ್ಟು ಬೆಳಗಿರಲಿಲ್ಲ.

"ಯಾರೂ ಇಲ್ಲ ಅಂದ್ರೆ ಯಾಕಿಲ್ಲ?" ಎಂದೆ.

"ದೂರ ಅಕ್ಕ. ಹಡಗು ಬರಲ್ಲ, ಅದಕ್ಕೆ."

"ಒಳ್ಳೇ ಜಾಗ ಆಗಿದ್ರೆ ಈಜ್ಕೊಂಡಾದ್ರೂ ಬಂದಿರೋರು ಕಣೋ. ನಮ್ಮೂರ ಮಾರಿಗುಡಿ ಹಿಂದ್ಗಡೆ ಅಷ್ಟೊಂದು ಖಾಲಿ ಜಾಗ ಇತ್ತಲ್ಲ, ಯಾವನು ಕಟ್ದ ಅಲ್ಲಿ ಮನೆ?"

"ಅಲ್ಲಿ ದೆವ್ವ ಐತೆ ಅಂತ ನೀನೇ ಹೆದರಿಸ್ತಿದ್ದೆ ನನ್ನ."

"ಅಲ್ಲೂ ಏನೋ ಇರ್ತದೆ ಬಿಡು."

ಅವನ ಹೆಂಡತಿ ಸ್ವೆಟರು ಬಿಚ್ಚುತ್ತ, "ಅತ್ತಿಗೆ, ದೆವ್ವಕ್ಕೆಲ್ಲ ವೀಸಾ ಸಿಗಲ್ಲ" ಎಂದಳು. ಎಲ್ಲರೂ ನಕ್ಕರು. ಏನೂ ಅರ್ಥವಾಗದ ಗಡ್ಡದವನೂ ನಕ್ಕ. ಅರ್ಥವಾಗದೆ ನಗುವವನನ್ನು ನಂಬುವುದು ಹೇಗೆ?

ಆಮೇಲೆ ನಾನು ಗಡ್ಡದವನ ಮೇಲೆ ಕಣ್ಣಿಟ್ಟು ಕಾಯತೊಡಗಿದೆ. ಒಂದು ದಿನಕ್ಕೆ ಎಷ್ಟು ಅಕ್ಕಿ ಹಾಕುತ್ತೀರಿ ಎಂದು ತಮ್ಮನ ಬಾಯಿಂದ ಕೇಳಿಸಿದ. ನಾನು ತಿನ್ನುವುದನ್ನು ಯಾಕೆ ಅಳೆಯುತ್ತಾನೆ? ನನ್ನನ್ನು ನೋಡಿ ಮಗುವಿನ ಹತ್ತಿರ ಏನೋ ಕೇಳಿದ. "ಏನಂತೆ?" ಎಂದರೆ ಮಗು, "ನಥಿಂಗ್ ಅತ್ತೆ. ನೀನು ಬೋಟಲ್ಲಿ ವಾಮಿಟ್ ಮಾಡ್ತೀಯಾ ಅಂತ" ಎಂದಿತು. ನನ್ನ ವಾಂತಿಯ ವಿಚಾರ ಇವನಿಗೇಕೆ? ಅವನು ಹೋದಮೇಲೆ, ದೂಳು ಒರೆಸುವ ನೆಪದಲ್ಲಿ ಫೈಲುಗಳನ್ನೆಲ್ಲ ಬಿಚ್ಚಿ ನೋಡುತ್ತಿದ್ದೆ. ಎಲ್ಲ ಇಂಗ್ಲಿಷು. ಗೆರೆಗಳು, ಅಂಕಿಗಳು. ಒಂದು ಹಾಳೆಯಲ್ಲಿ ಹೆಸರುಗಳ ಸಾಲು ಇದ್ದ ಹಾಗಿತ್ತು. ಅದರಲ್ಲಿ ನನ್ನದು ಇದೆಯೋ ಇಲ್ಲವೋ ತಿಳಿಯಲಿಲ್ಲ.

ಒಂದು ಭಾನುವಾರ ಎಲ್ಲರನ್ನೂ ರೆಡ್‌ವುಡ್ ಸಿಟಿಯ ಬಂದರಿಗೆ ಕರೆದುಕೊಂಡು ಹೋಗಿ ದ್ವೀಪಕ್ಕೆ ಹೋಗುವ ದೋಣಿ ತೋರಿಸಿದರು. ಅದರೊಳಗೆ ಕೆಳಗಿಳಿದು ನೋಡಿದೆ. ಮಲಗುವ ಹಲಗೆಗಳು ಆರು. ಎರಡು ಸಲ ಎಣಿಸಿದೆ. ಆರೇ. ಒಂಬತ್ತು ಮನೆಯವರಿಗೇ ಸಾಲದು, ನನಗೆಲ್ಲಿಯದು? ಅಲ್ಲಿಗೆ ನನಗೆ ಎಲ್ಲ ತಿಳಿಯಿತು ಅಂದುಕೊಂಡೆ. ಇವರು ದ್ವೀಪಕ್ಕೆ, ನಾನು ಮಂಡ್ಯಕ್ಕೆ. ಟಿಕೆಟು ಆಗಲೇ ಎಲ್ಲೋ ಇದೆ, ಹೇಳುವುದಕ್ಕೆ ಒಳ್ಳೆಯ ದಿನ ನೋಡುತ್ತಿದ್ದಾರೆ. ನಮ್ಮೂರಲ್ಲಿ ನನಗೆ ಇದ್ದದ್ದು ಮೈದುನನ ಮನೆಯ ಒಂದು ಮೂಲೆ. ತಮ್ಮನನ್ನು ನೇರವಾಗಿ ಕೇಳಬಹುದಿತ್ತು. ಕೇಳಿದರೆ ಉತ್ತರ ಬರುತ್ತದಲ್ಲ, ಅದಕ್ಕೆ ಹೆದರಿದೆ.

ಮೇಜಿನ ಮೇಲೆ ದ್ವೀಪಗಳು ಒಂದೊಂದಾಗಿ ಕಡಿಮೆಯಾದವು. ಒಂದಕ್ಕೆ ಬಿರುಗಾಳಿಯ ಕಾಟ. ಇನ್ನೊಂದು ಹಕ್ಕಿಗಳ ಹಿಕ್ಕೆಯಿಂದಲೇ ತುಂಬಿದೆಯಂತೆ. ಮೂರನೆಯದರಲ್ಲಿ ಮಣ್ಣೇ ಇಲ್ಲ. ಉಳಿದದ್ದು ಎರಡು. ಒಂದು ಕುಡುಗೋಲಿನ ಆಕಾರದ್ದು, ತಗ್ಗಿನದು. ನಡುವೆ ಶಾಂತವಾದ ನೀರು, ದೋಣಿ ನಿಲ್ಲಿಸುವುದು ಸುಲಭ. ಆದರೆ ಅಲ್ಲಿ ಸಿಹಿನೀರು ಮರಳಿನ ಕೆಳಗೆ, ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. "ಹಾಲಿನ ಮೇಲಿನ ಕೆನೆ ಥರ ಅಕ್ಕ, ಮೆಲ್ಲಗೆ ತೆಗೀಬೇಕು, ಕಲಕಿದ್ರೆ ಹೋಯ್ತು" ಎಂದ ತಮ್ಮ. ಇನ್ನೊಂದರ ನಡುವೆ ಗುಡ್ಡ. ಅಲ್ಲಿ ನೀರಿಗೆ ಮೋಸವಿಲ್ಲ ಎಂದು ಅವನ ಲೆಕ್ಕ. ಆದರೆ ಸುತ್ತ ಬಂಡೆ, ಅಲೆ ಬಡಿಯುತ್ತದೆ. ಇಳಿಯುವಾಗ ದೋಣಿ ಒಡೆದು ಯಾರಾದರೂ ಸತ್ತರೆ? ಉಳಿದವರೆಲ್ಲ ಕುಡುಗೋಲಿನ ಕಡೆ. ನೀರಿನ ಮಾತಾದ್ದರಿಂದ ಕೊನೆಯ ತೀರ್ಮಾನವನ್ನು ತಮ್ಮನಿಗೆ ಬಿಟ್ಟರು. ಅವನ ಮನಸ್ಸು ಗುಡ್ಡದ ಮೇಲೆ. ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ.

ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ದೊಡ್ಡ ಕೆಲಸಕ್ಕೆ ಮೊದಲು ಮನೆದೇವರ ಹತ್ತಿರ ಹೂವಿನ ಪ್ರಸಾದ ಕೇಳುವುದು. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ, ಮನಸ್ಸಿನಲ್ಲಿ ಕೇಳಿ ಕೂತರೆ, ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು. ಕೇಳುವುದು ಮನೆಯ ಹಿರಿಯ ಮಗಳು. ಅಜ್ಜಿಯ ಕಾಲದಿಂದ ಬಂದದ್ದು. ಬೀಳುವಾಗ ಅವಳೊಬ್ಬಳೇ ನೋಡಬೇಕು, ಉಳಿದವರು ಬೆನ್ನು ತಿರುಗಿಸಿರಬೇಕು. ಒಂದೇ ವಿಷಯಕ್ಕೆ ಎರಡು ಸಲ ಕೇಳುವ ಹಾಗಿಲ್ಲ. ಹಿತ್ತಾಳೆ ಮೂರ್ತಿಯನ್ನು ನಾನು ಊರಿಂದ ಬರುವಾಗ ಸೀರೆಯಲ್ಲಿ ಸುತ್ತಿ ತಂದಿದ್ದೆ.

"ಲೆಕ್ಕ ಎರಡೂ ಕಡೆ ಸಮ ಆಗ್ತಿದೆ ಅಕ್ಕ" ಎಂದ ತಮ್ಮ. "ಗುಡ್ಡದ್ದು ಆಗತ್ತಾ ಅಂತ ಕೇಳು. ಅವ್ರಿಗೆಲ್ಲ ಹೇಳ್ಬೇಡ, ನಗ್ತಾರೆ."

ಪಾರ್ಕಿಂಗಿನ ಬೇಲಿಯಿಂದ ಕಣಗಿಲೆ ಹೂವು ಕಿತ್ತು ತಂದೆ. ಹೆಂಡತಿ ಕೆಲಸಕ್ಕೆ, ಮಗು ಸ್ಕೂಲಿಗೆ ಹೋಗಿದ್ದರು. ದೀಪ ಹಚ್ಚಿ, ಹೂವು ಅಂಟಿಸಿ, ಕೇಳಿದೆ. ಒಂದು ಗಳಿಗೆಯೂ ಆಗಲಿಲ್ಲ. ಬಲದ ಹೂವು ನೆಟ್ಟಗೆ ಕೆಳಗೆ ಬಂತು.

ಅದನ್ನು ನೋಡುತ್ತಾ ಕೂತೆ. ಆರು ಹಲಗೆ ಕಣ್ಣ ಮುಂದೆ ಬಂತು. ದೇವರು ಬೇಡ ಅಂದರೆ ಇವನು ಇಡೀ ಯೋಚನೆಯನ್ನೇ ಕೈಬಿಡುತ್ತಾನೆ, ಗಡ್ಡದವನು ನಕ್ಷೆ ಸುತ್ತಿಕೊಂಡು ಹೋಗುತ್ತಾನೆ, ನಾವೆಲ್ಲ ಇಲ್ಲೇ ಇರುತ್ತೇವೆ. ಹೂವನ್ನು ಎತ್ತಿ ಮುಷ್ಟಿಯಲ್ಲಿಟ್ಟುಕೊಂಡೆ.

"ಎಡಕ್ಕೆ ಬಿತ್ತು ಕಣೋ" ಎಂದೆ.

ಅವನು ತಿರುಗಿ ನೋಡಲೂ ಇಲ್ಲ. "ಸರಿ ಬಿಡು. ಹಂಗಾದ್ರೆ ಕುಡುಗೋಲೇ" ಎಂದು ಎದ್ದು ಹೋಗಿ ಫೋನು ಮಾಡಿದ. ನಾನು ಎಣಿಸಿದ್ದು ಇದಲ್ಲ. ಆಗಲೂ ಹೇಳಬಹುದಿತ್ತು. ಅವನು ನಂಬರು ತಿರುಗಿಸುವಷ್ಟು ಹೊತ್ತು ನನಗಿತ್ತು. ಅಡುಗೆಮನೆಗೆ ಹೋಗಿ ಒಲೆ ಮೇಲಿಟ್ಟಿದ್ದ ಬೇಳೆ ನೋಡಿದೆ.

ಮೊದಲು ಆರು ಜನ ಹೋಗಿ ಬಾವಿ ತೋಡಿ ಗುಡಿಸಲು ಹಾಕುವುದು, ಮನೆಯವರು ಆಮೇಲೆ ಬರುವುದು ಎಂದು ಮಾತು ಮಾಡಿಕೊಂಡಿದ್ದರು. ಆರು ಹಲಗೆಯ ಅರ್ಥ ಅಷ್ಟೇ. ಅದು ನನಗೆ ತಿಳಿದದ್ದು ತಮ್ಮ ಕೆಲಸ ಬಿಟ್ಟು ದೋಣಿ ಹತ್ತಿದ ದಿನ, ಅವನ ಹೆಂಡತಿಯೂ ಮಗುವೂ ನನ್ನ ಪಕ್ಕದಲ್ಲೇ ನಿಂತು ಕೈಬೀಸಿದಾಗ.

ಏಳು ತಿಂಗಳಿಗೆ ಅವನು ವಾಪಸು ಬಂದ. ತುಟಿ ಒಡೆದು, ಕುತ್ತಿಗೆಯ ಚರ್ಮ ಸುಲಿದು ಹೋಗಿತ್ತು. ಮಳೆ ನಿಂತಮೇಲೆ ಮೂರು ಬಾವಿಯೂ ಒಂದಾದ ಮೇಲೊಂದು ಉಪ್ಪಾದವು. ನೀರಿಗಾಗಿ ಜಗಳವಾಡಿ ಜನ ಬೇರೆಯಾದರು. ಗುಂಪಿನ ಒಬ್ಬ ಹೆಂಗಸು ನಮ್ಮ ಬಾಗಿಲಿಗೆ ಬಂದು ನಿಂತು ಏನೋ ಅಂದಳು, ತಮ್ಮ ತಲೆಯಾಡಿಸಿದ. "ಏನಂದ್ಳು?" ಎಂದು ಮಗುವನ್ನು ಕೇಳಿದೆ. ಮಗು ಮೊದಲ ಸಲ ಪೂರಾ ಕನ್ನಡದಲ್ಲಿ ಹೇಳಿತು: "ನೀರು ನೋಡೋನು ನೀನೇ ಅಲ್ವಾ, ನೀನೇ ಹೇಳಿದ್ದಲ್ವಾ, ಅಂದ್ರು."

ಅವನಿಗೆ ಆಮೇಲೆ ಸಿಕ್ಕಿದ್ದು ಚರಂಡಿ ಕೊಳವೆಗಳ ನಕ್ಷೆ ಬರೆಯುವ ಕೆಲಸ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ. ಮನೆಯಲ್ಲಿ ಸಮುದ್ರದ ಮಾತಿಲ್ಲ. ನಾನು ಅವನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಡಿಸಿದೆ. ಅವನು ಒಳ್ಳೆಯ ಮಾತಾಡಿದರೆ ನನಗೆ ಅನುಮಾನ, ಗೊತ್ತಾಗಿದೆಯೇನೋ ಎಂದು. ಸುಮ್ಮನಿದ್ದರೆ ಇನ್ನೂ ಅನುಮಾನ. ಮೊದಲು ಗಡ್ಡದವನನ್ನು ಕಾಯುತ್ತಿದ್ದ ಕಣ್ಣು ಈಗ ತಮ್ಮನನ್ನು ಕಾಯುತ್ತಿತ್ತು.

ಹೂವು ಕೇಳಿ ನಾಲ್ಕು ವರ್ಷವಾದ ಮೇಲೆ ಒಂದು ಶನಿವಾರ ಮಧ್ಯಾಹ್ನ ಗಡ್ಡದವನು ಮತ್ತೆ ಬಂದ. ಗಡ್ಡ ಪೂರಾ ಬೆಳ್ಳಗಾಗಿತ್ತು. ಬೂಟು ಬಿಚ್ಚಿದ, ತನ್ನ ಹತ್ತಿರವೇ ಉಳಿದಿದ್ದ, ನಾನು ಹಿಂದೆ ನೋಡಿರದ ತಮ್ಮನ ಹಳೆಯ ಫೈಲೊಂದನ್ನು ಮೇಜಿನ ಮೇಲಿಟ್ಟ. ಹದಿನಾಲ್ಕರ ಹುಡುಗಿಯಾಗಿದ್ದ ಮಗು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನ ಮಾತನ್ನು ನನಗೆ ಹೇಳುತ್ತಿತ್ತು. ಅವನು ಗುಡ್ಡದ ದ್ವೀಪಕ್ಕೆ ಹೋಗಿ ಬಂದಿದ್ದಾನೆ. ಸಣ್ಣ ದೋಣಿಯಲ್ಲಿ ಬಂಡೆಗಳ ನಡುವೆ ಇಳಿಯಲು ದಾರಿ ಇದೆ. ಗುಡ್ಡದ ಬುಡದಲ್ಲಿ ಬುಗ್ಗೆ ಇದೆ, ಬೇಸಗೆಯಲ್ಲಿ ನಿಂತು ಕುಡಿದಿದ್ದಾನೆ. ನಾಲ್ಕು ಮನೆಯವರು ತಯಾರು. "ಡ್ಯಾಡಿ ಬಂದ್ರೆ ಮಾತ್ರ ಅಂತೆ. ಡ್ಯಾಡಿ ಕರೆಕ್ಟಾಗಿದ್ರು ಅಂತೆ."

ತಮ್ಮ ಫೈಲನ್ನು ಆಚೆ ಸರಿಸಿದ. ಆಮೇಲೆ ಆಗುವುದಿಲ್ಲ ಎಂದ. ಗಡ್ಡದವನು ಸೋಮವಾರದವರೆಗೂ ಕಾಯುತ್ತೇನೆ ಎಂದು ಎದ್ದ. ಹೊರಡುವಾಗ ನನಗೆ ಕೈಮುಗಿದ.

"ಯಾಕೋ ಆಗಲ್ಲ ಅಂದೆ?" ಎಂದು ತಮ್ಮನನ್ನು ಕೇಳಿದೆ.

"ದೇವ್ರು ಆವತ್ತೇ ಬೇಡ ಅಂತ ಹೇಳಿತ್ತಲ್ಲ ಅಕ್ಕ. ಸುಮ್ನಿರದೆ ಇನ್ನೊಂದಕ್ಕೆ ಹೋದೆ. ಅಷ್ಟು ಜನಕ್ಕೆ ಉಪ್ಪುನೀರು ಕುಡಿಸ್ದೆ. ಮತ್ತೆ ಅದೇ ತಪ್ಪು ಮಾಡ್ಲಾ?" ಎಂದು ಒಣಗಿದ ಬಟ್ಟೆ ತರಲು ಬುಟ್ಟಿ ಎತ್ತಿಕೊಂಡು ಕೆಳಗಿನ ಲಾಂಡ್ರಿಗೆ ಹೋದ.

ಅಭ್ಯಾಸದಂತೆ ಫೈಲು ಬಿಚ್ಚಿದೆ. ಎಲ್ಲ ಇಂಗ್ಲಿಷು, ಅಂಕಿಗಳು. ಕೊನೆಯ ಹಾಳೆ ಮಾತ್ರ ಬೇರೆ. ಗುಡ್ಡದ ದ್ವೀಪದ ಚಿತ್ರ, ಅದರ ಒಂದು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ಮನೆ. ಹೂವು ಕೇಳಿದಮೇಲೆ ಗುಡ್ಡದ ಮಾತೇ ನಿಂತಿದ್ದರಿಂದ ಅದು ಅದಕ್ಕೂ ಮೊದಲು ಬರೆದದ್ದು. ಒಂದು ಕೋಣೆಯೊಳಗೆ ಅವನ ದುಂಡಗಿನ ಕನ್ನಡ ಅಕ್ಷರ. ನನಗೂ ಓದಲು ಬರುವಂಥದ್ದು: "ಅಕ್ಕನ ಅಡುಗೆಮನೆ. ಕಿಟಕಿ ಪೂರ್ವಕ್ಕೆ. ಒಲೆ ತಗ್ಗಿಗೆ, ಅವಳಿಗೆ ಮಂಡಿ ನೋವು."

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಲಾಂಡ್ರಿಯಲ್ಲಿ ಅವನೊಬ್ಬನೇ ಇದ್ದ. ಹಾಸಿಗೆಯ ದುಪ್ಪಟಿ ಮಡಿಸಲು ಒದ್ದಾಡುತ್ತಿದ್ದ. ನನ್ನನ್ನು ನೋಡಿ, "ಬಾ, ಆ ಕಡೆ ಹಿಡ್ಕೋ" ಎಂದ. ಎರಡು ತುದಿ ಹಿಡಿದೆ. ಅವನು ಮಡಿಸಿಕೊಂಡು ನನ್ನ ಹತ್ತಿರ ಬಂದ. ನನ್ನ ಕೈಯಲ್ಲಿದ್ದ ತುದಿಗಳನ್ನು ಅವನಿಗೆ ಕೊಡಲಿಲ್ಲ.

"ಬಿಡಕ್ಕ."

"ಗುಡ್ಡಕ್ಕೆ ಹೂವು ಬಲಕ್ಕೆ ಬಿದ್ದಿತ್ತು ಕಣೋ" ಎಂದೆ. "ನಾನು ಕಣ್ಣಾರೆ ನೋಡ್ದೆ. ನೋಡಿ ಎಡಕ್ಕೆ ಅಂದೆ."

ಅವನು ನನ್ನನ್ನೇ ನೋಡುತ್ತಿದ್ದ. ಹಿಂದೆ ಯಾರದೋ ಬಟ್ಟೆ ಮಿಷಿನ್ನಿನಲ್ಲಿ ತಿರುಗುತ್ತಿತ್ತು. ಉಳಿದದ್ದನ್ನೂ ಹೇಳಿದೆ.

"ನನ್ನ ಊರಿಗೆ ಕಳಿಸಿಬಿಡ್ತೀಯ ಅಂತ ಹೆದರ್ಕೊಂಡೆ. ನಿನ್ನ ಕೇಳ್ಲಿಲ್ಲ, ಅನುಮಾನ ಪಟ್ಟೆ. ದೇವ್ರು ನಿಂಗೆ ಬೇಡ ಅಂದಿರ್ಲಿಲ್ಲ, ನಿನ್ನ ಲೆಕ್ಕಾನೂ ತಪ್ಪಿರ್ಲಿಲ್ಲ. ಸುಳ್ಳು ಹೇಳಿದ್ದು ನಾನು. ನಿಂಗೆ ಹೋಗ್ಬೇಕು ಅನ್ಸಿದ್ರೆ ಸೋಮವಾರ ಹ್ಞೂ ಅನ್ನು, ನನ್ನ ಬಿಟ್ಟು ಹೋದ್ರೂ ಸೈ. ತಪ್ಪಾಯ್ತು ಕಣಪ್ಪ. ನನ್ನಿಂದ ದೊಡ್ಡ ತಪ್ಪಾಯ್ತು."