ಖಾಲಿ ಬಟ್ಟಲಿನ ಸಂಕಟ

ಗೂಬೆ ಎಂಬುದು ತಂಗಿ ಇಟ್ಟ ಹೆಸರು. ಹಾಡಹಗಲಲ್ಲೇ ಕತ್ತಲೆ ಕೋಣೆ ಹೊಕ್ಕು ಕೂರುವವನಿಗೆ ಇನ್ನೇನು ಹೆಸರಿಡಬೇಕು? ಅವನು ಪ್ರಯೋಗಾಲಯವೊಂದರಲ್ಲಿ ಗುತ್ತಿಗೆಯ ಸಹಾಯಕ. ಜೀವಕೋಶಗಳಿಗೆ ಪೆರಾಕ್ಸೈಡ್ ಹನಿಸಿ ಗೋಳು ಹೊಯ್ದುಕೊಳ್ಳುವುದು, ಆ ಸಂಕಟಕ್ಕೆ ಅವು ಸೂಸುವ ಮಿಣುಕು ಬೆಳಕನ್ನು ಯಂತ್ರದಿಂದ ಎಣಿಸುವುದು ಅವನ ಉದ್ಯೋಗ.

“ಕಣ್ಣಿಗೆ ಕಾಣದ ಬೆಳಕು ಎಣಿಸೋಕೆ ಸಂಬಳ ಕೊಡ್ತಾರೇನೋ?” ಎಂದು ಅಮ್ಮ ಕೇಳಿದ್ದಳು.

“ಕೊಡ್ತಾರಮ್ಮ. ಅದೂ ಹಾಗೇ, ಕಣ್ಣಿಗೆ ಕಾಣಲ್ಲ.”

ಗುತ್ತಿಗೆ ಮುಗಿಯಲು ನಾಲ್ಕು ದಿನ ಉಳಿದಿತ್ತು. ಸಂಕಟಪಟ್ಟ ಕೋಶಗಳು ನೆಮ್ಮದಿಯಾಗಿರುವ ಕೋಶಗಳಿಗಿಂತ ಹೆಚ್ಚು ಹೊಳೆಯುತ್ತವೆಂದು ತೋರಿಸಿದರೆ ಇನ್ನೆರಡು ವರ್ಷ ಮುಂದುವರಿಸುವುದಾಗಿ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಮಾತು ಕೊಟ್ಟಿದ್ದರು. ತೋರಿಸಿಯೂ ಆಗಿತ್ತು. ನಕ್ಷೆಯ ಗೆರೆ ಏಣಿ ಹಾಕಿದಂತೆ ಮೇಲೇರಿತ್ತು; ಮೇಡಂ ಅದನ್ನು ಗೋಡೆಗೇ ಅಂಟಿಸಿದ್ದರು. ಗೂಬೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕ್ಯಾಂಟೀನಿನವನಿಗೂ ಜೀವಕೋಶದ ಬಗ್ಗೆ ಭಾಷಣ ಬಿಗಿದಿದ್ದ.

ಆ ಮಧ್ಯಾಹ್ನ ಅವಸರದಲ್ಲಿ, ಚೀಟಿ ಅಂಟಿಸಿಟ್ಟಿದ್ದ ಖಾಲಿ ಬಟ್ಟಲನ್ನೇ ಯಂತ್ರದೊಳಗೆ ಇಟ್ಟುಬಿಟ್ಟ. ಕೋಶವಿಲ್ಲ, ಪೆರಾಕ್ಸೈಡ್ ಇಲ್ಲ. ಆದರೂ ಎಣಿಕೆ ಏರಿತು. ಜೀವವೇ ಇಲ್ಲದ ಬಟ್ಟಲು ಸಂಕಟದಿಂದ ಹೊಳೆಯುತ್ತಿತ್ತು.

ಚೀಟಿ ಅವನದೇ ಉಪಾಯ. ಕತ್ತಲಲ್ಲಿ ಬಟ್ಟಲುಗಳು ಅದಲುಬದಲಾಗದಿರಲಿ, ಬೆರಳಿಗೆ ತಗುಲಿದರೆ ಗೊತ್ತಾಗಲಿ ಎಂದು ಪೆರಾಕ್ಸೈಡ್ ಬಟ್ಟಲುಗಳಿಗೆ ಮಾತ್ರ ಬಿಳಿ ಕಾಗದ ಅಂಟಿಸುತ್ತಿದ್ದ; ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಹೊರಗೆ ಟ್ಯೂಬ್‌ಲೈಟಿನ ಬೆಳಕು ಕುಡಿದ ಕಾಗದ, ಕತ್ತಲಲ್ಲಿ ಅದನ್ನು ಸ್ವಲ್ಪ ಸ್ವಲ್ಪವೇ ಕಕ್ಕುತ್ತಿತ್ತು. ಗೋಡೆಯ ನಕ್ಷೆಯಲ್ಲಿ ಏರಿ ಕೂತಿದ್ದ ಗೆರೆಯಲ್ಲಿ ಕೋಶಗಳ ಪಾಲೆಷ್ಟೋ, ಸ್ಟೇಷನರಿ ಅಂಗಡಿಯ ಪಾಲೆಷ್ಟೋ!

ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆಮೇಲೆ? ಎರಡು ವರ್ಷ ಕತ್ತಲಲ್ಲಿ ಕೂತು ಚೀಟಿ ಎಣಿಸುವುದೇ? ಅರ್ಧ ಗಂಟೆ ಉಗುರು ಕಚ್ಚಿ, ಎದ್ದು ಹೋದ.

“ಮೇಡಂ, ಖಾಲಿ ಬಟ್ಟಲೂ ಹೊಳೀತಿದೆ. ನನ್ನ ಚೀಟಿದೇ ಕಿತಾಪತಿ.”

ಮೇಡಂ ಕನ್ನಡಕ ತೆಗೆದರು. “ಯಾರ್‍ಯಾರಿಗೆ ಗೊತ್ತು ಇದು?”

“ನಿಮಗೆ, ನನಗೆ.”

“ಕ್ಯಾಂಟೀನಿನವನಿಗೆ ಇನ್ನೂ ಹೇಳಿಲ್ವಾ? ಪರವಾಗಿಲ್ಲ, ಸುಧಾರಿಸಿದ್ದೀಯ.” ಗೋಡೆಯ ನಕ್ಷೆಯನ್ನು ತಾವೇ ಕಿತ್ತರು. “ಚೀಟಿ ತೆಗಿ. ಮತ್ತೆ ಎಣಿಸು.”

ಚೀಟಿಯ ಬದಲು ಪೆರಾಕ್ಸೈಡ್ ಬಟ್ಟಲುಗಳ ಅಂಚಿಗೆ ಬ್ಲೇಡಿನಿಂದ ಗೀರು ಹಾಕಿ, ಮೂರು ದಿನ ಎಣಿಸಿದ. ಸಂಕಟಪಟ್ಟ ಕೋಶಗಳು ನಿಜಕ್ಕೂ ಹೊಳೆಯುತ್ತಿದ್ದವು. ಆದರೆ ಹಳೆಯ ಏರಿಕೆಯ ಎಂಟನೇ ಒಂದು ಭಾಗದಷ್ಟು ಮಾತ್ರ.

ನಾಲ್ಕನೇ ದಿನ ಆದೇಶ ಕೈಗೆ ಬಂತು: ಮೂರು ತಿಂಗಳು.

“ಎರಡು ವರ್ಷ ಅಂದಿದ್ರಿ, ಮೇಡಂ...”

“ಇಪ್ಪತ್ತನಾಲ್ಕು ತಿಂಗಳಲ್ಲಿ ಎಂಟನೇ ಒಂದು ಭಾಗ ಎಷ್ಟಪ್ಪಾ? ಎಣಿಸೋನು ನೀನು.”

ಮನೆಗೆ ಬಂದಾಗ ತಂಗಿ ಬಾಗಿಲಲ್ಲೇ ತಡೆದಳು. “ಏನೋ ಗೂಬೆ, ಕೆಲಸ ಉಳೀತಾ?”

“ಉಳೀತು,” ಎಂದು ಚಪ್ಪಲಿ ಬಿಟ್ಟ. “ಯಂತ್ರ ಹಾಕಿ ನೋಡಿದ್ರೆ ಕಾಣುತ್ತೆ.”