ಜಯವರ್ಮರು ಮಗುಚಿ ಎಳೆದ ಮನೆ

ಕಂಪ್ಯೂಟರಿನ ಪರದೆಯ ಮೇಲೆ ಮನೆ ಎದ್ದು ನಿಂತಿತು. ಆದರೆ ಮನೆಯ ಪರದೆಗಳೆಲ್ಲ ಕಿಟಕಿಯ ಹೊರಗೆ ನೇತಾಡುತ್ತಿದ್ದವು. ಮಲಗುವ ಕೋಣೆಯ ಒಳಗೆ ಒರಟು ಕೆಂಪು ಮುರಕಲ್ಲು. ಹೊರಗೆ, ಮಳೆ ಬಡಿಯುವ ಕಡೆ, ನುಣ್ಣಗಿನ ಬಿಳಿ ಬಣ್ಣ. ಫ್ಯಾನಿನ ಸ್ವಿಚ್‌ಬೋರ್ಡು ಅಂಗಳದಲ್ಲಿ. ಬಚ್ಚಲಿಗೆಂದು ಆರಿಸಿದ್ದ ನೀಲಿ ಮೀನಿನ ಟೈಲ್ಸು ಹೊರಗೋಡೆಯ ತುಂಬ ಹರಡಿ, ಪುಂಜಾಲಕಟ್ಟೆಯ ರಸ್ತೆಗೆ ಕಾಣುವಂತೆ ಈಜುತ್ತಿದ್ದವು.

ಪುಣ್ಯಕ್ಕೆ ನಿಜದ ಮನೆಗೆ ಇನ್ನೂ ಒಂದು ಕಲ್ಲೂ ಬಿದ್ದಿರಲಿಲ್ಲ. 2003ರ ಏಪ್ರಿಲ್ ತಿಂಗಳು, ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಒಂದು ಮಹಡಿಯ ಮೇಲಿನ ಕಚೇರಿ. ಮನೆ ಎಳೆದವರು ಡ್ರಾಫ್ಟ್ಸ್‌ಮನ್ ಜಯವರ್ಮರು. ನೋಡಲು ಬಂದವರು ಸೌದಿಯ ದಮ್ಮಾಮಿನಿಂದ ರಜೆಯಲ್ಲಿ ಬಂದಿದ್ದ ಮಹಮ್ಮದ್ ಕುಂಞಿಯವರು ಮತ್ತು ಅವರ ಹೆಂಡತಿ ಜೈನಬಮ್ಮ. ಒಬ್ಬರು ಜೈನ, ಒಬ್ಬರು ಜೈನಬ, ನಡುವೆ ಒಂದು ಮನೆ. ಕೆಳಗಿನ ನನ್ನ ಸ್ಟೇಷನರಿ ಅಂಗಡಿಯಿಂದ ಪ್ರಿಂಟರಿಗೆ ಕಾಗದ ಕೊಡಲು ಹೋಗಿದ್ದ ನಾನು, ಕೊಟ್ಟ ಮೇಲೂ ಹೋಗದೆ ನಿಂತಿದ್ದೆ.

“ಜಯಣ್ಣ, ಮೀನಿನ ಟೈಲ್ಸ್ ನಾನು ಬಚ್ಚಲಿಗೆ ಅಂತ ಹೇಳಿದ್ದು,” ಎಂದರು ಜೈನಬಮ್ಮ. “ರಸ್ತೆಗೆ ಹಾಕಿದ್ರೆ ಜನ ಚೀಲ ಹಿಡ್ಕೊಂಡು ಬಂಗುಡೆ ಉಂಟಾ ಅಂತ ಕೇಳ್ಲಿಕ್ಕೆ ಬರ್ತಾರೆ.”

“ಸಣ್ಣ ತಪ್ಪು ಜೈನಬಮ್ಮ. ಒಳಗೆ ಇರ್ಬೇಕಾದ್ದು ಹೊರಗೆ ಬಂದಿದೆ, ಅಷ್ಟೇ.”

“ಅಷ್ಟೇಯಾ? ಅಂಗಿ ಮಗುಚಿ ಹಾಕಿದ್ರೆ ತೆಗ್ದು ಸರಿ ಹಾಕ್ಬಹುದು. ಮನೆ ಮಗುಚಿದ್ರೆ ಎಂತ ಮಾಡುವುದು ಮಾರಾಯ್ರೆ?”

ಹೇಳಿದ್ದೇ ಅವರಿಗೆ ನಗು ಉಕ್ಕಿತು. ನನಗೂ ಬಂತು. ಜಯವರ್ಮರ ಇಪ್ಪತ್ತೆರಡು ವರ್ಷದ ವೃತ್ತಿಯಲ್ಲಿ ಅವರ ನಕ್ಷೆ ನೋಡಿ ಯಾರಾದರೂ ನಕ್ಕಿದ್ದು ಅದೇ ಮೊದಲು.

ಕುಂಞಿಯವರು ಮಾತ್ರ ನಗಲಿಲ್ಲ. ಪುಂಜಾಲಕಟ್ಟೆಯಲ್ಲಿ ಹದಿನೈದು ಸೆಂಟ್ಸ್ ಜಾಗದ ಯಜಮಾನರು ಅವರು. ಅವರು ಪೂಸಿಕೊಂಡ ಸೆಂಟು ಜಾಗಕ್ಕಿಂತ ಹೆಚ್ಚು ದೂರ ಹರಡಿತ್ತು. ಅತ್ತರಿನ ನಡುವಿನಿಂದ ನಿಧಾನವಾಗಿ ಹೇಳಿದರು: “ಮುಂದಿನ ಶುಕ್ರವಾರ ನನಗೆ ಫ್ಲೈಟ್ ಉಂಟು. ಅದರೊಳಗೆ ಇವಳು ಮನೆ ನೋಡಿ ಹೂಂ ಅಂದ್ರೆ ರುಕ್ಮಯ್ಯ ಮೇಸ್ತ್ರಿ ಪಾಯ ತೆಗೀತಾನೆ. ಇಲ್ಲದಿದ್ರೆ ಮಂಗಳೂರಿನ ಇಂಜಿನಿಯರ್ ಹತ್ರ ಹೋಗುವುದು. ನೀವು ಬೇಜಾರು ಮಾಡ್ಬಾರ್ದು.”

ಜಯವರ್ಮರಿಗೆ ಬೇಜಾರಲ್ಲ, ಬೆವರು ಬಂತು. ಕುಂಞಿಯವರ ಜೊತೆ ದಮ್ಮಾಮಿನಲ್ಲಿ ದುಡಿಯುವ ನಮ್ಮ ಕಡೆಯವರೇ ಇಪ್ಪತ್ತು ಮಂದಿ. ಎಲ್ಲರಿಗೂ ಮನೆ ಕಟ್ಟಿಸುವ ಆಸೆ, ಎಲ್ಲರೂ ಕುಂಞಿಯವರ ಬಾಯಿ ನೋಡುವವರು. ಈ ಒಂದು ಮನೆ ಕೈತಪ್ಪಿದರೆ ಇಪ್ಪತ್ತು ಮನೆಯೂ ತಪ್ಪುತ್ತದೆ. ಆಮೇಲೆ ಕಂಪ್ಯೂಟರಿಗೆ ಬಟ್ಟೆ ಮುಚ್ಚಿ, ಕಚೇರಿಗೆ ಬೀಗ ಹಾಕಿ, ತಮ್ಮೂರು ಮೂಡಬಿದಿರೆಯ ಬಸ್ಸು ಹತ್ತುವುದೇ.

ಜೈನಬಮ್ಮ ಮನೆಯನ್ನು ಮೊದಲೇ ನೋಡಬೇಕು ಎಂದದ್ದರಲ್ಲೂ ತಪ್ಪಿರಲಿಲ್ಲ. ಬಂಟ್ವಾಳ ಪೇಟೆಯ ಒಂದು ಬಾಡಿಗೆ ಮಹಡಿಯಲ್ಲಿ ಅವರು ಹನ್ನೆರಡು ವರ್ಷ ಕಳೆದಿದ್ದರು. ಹೊಳೆ ಏರಿದಾಗಲೆಲ್ಲ ಕೆಳಗಿನ ಮನೆಯವರು ಕುಕ್ಕರು, ಕೋಳಿ, ಕರೆಂಟ್ ಬಿಲ್ಲಿನ ಸಮೇತ ಮೇಲೆ ಬಂದು ಕೂರುತ್ತಿದ್ದರು. ತನ್ನದೇ ಮನೆಯೊಂದು ಆಗುವುದಾದರೆ ಅದರ ಮೂಲೆಮೂಲೆ ತನಗೆ ಮೊದಲೇ ಗೊತ್ತಿರಬೇಕು ಎಂಬುದು ಅವರ ಹಟ. ಕಾಗದದ ಪ್ಲ್ಯಾನ್ ಕೊಟ್ಟರೆ ಅದನ್ನು ಕಸೂತಿಯ ಮಾದರಿಯಂತೆ ತಿರುಗಿಸಿ ತಿರುಗಿಸಿ, “ಇದರಲ್ಲಿ ನಾನು ಎಲ್ಲಿ ನಿಂತಿದ್ದೇನೆ?” ಎಂದು ಕೇಳುತ್ತಿದ್ದರು. ಅದಕ್ಕೇ ಜಯವರ್ಮರು, “ಫೋಟೋದ ಹಾಗೆ ತೋರಿಸ್ತೇನೆ” ಎಂದು ಮಾತು ಕೊಟ್ಟದ್ದು.

ಜಯವರ್ಮರ ವಿಷಯ ಸ್ವಲ್ಪ ಹೇಳಬೇಕು. ಮೂಡಬಿದಿರೆಯವರು. ಅಪ್ಪ ಒಂದು ಸಣ್ಣ ಬಸದಿಯ ಬಾಗಿಲು ತೆರೆದು, ಮುಚ್ಚಿ, ದೀಪ ನೋಡಿಕೊಂಡವರು. ಮಗ ಐ.ಟಿ.ಐ.ಯಲ್ಲಿ ಡ್ರಾಫ್ಟ್ಸ್‌ಮನ್ ಕಲಿತು, ಟ್ರೇಸಿಂಗ್ ಕಾಗದದ ಮೇಲೆ ಈ ಕಡೆಯ ಅರ್ಧ ತಾಲೂಕಿಗೆ ಮನೆ ಎಳೆದುಕೊಟ್ಟರು. ಅವರ ಅಕ್ಷರ ಎಷ್ಟು ಚಂದವೆಂದರೆ, ‘ಶೌಚಾಲಯ’ ಎಂದು ಬರೆದದ್ದನ್ನೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದಿತ್ತು. ಮಾತು ಕಡಿಮೆ. ಕೇಳಿದರೆ ಉತ್ತರ, ಕೇಳದಿದ್ದರೆ ಅದೂ ಇಲ್ಲ.

ಆದರೆ ಜನ “ಕಂಪ್ಯೂಟರ್ ಪ್ಲ್ಯಾನ್ ಉಂಟಾ?” ಎಂದು ಕೇಳತೊಡಗಿದರು. ನಲವತ್ತೇಳನೆಯ ವಯಸ್ಸಿನಲ್ಲಿ ಜಯವರ್ಮರು ಕಂಪ್ಯೂಟರ್ ತಂದರು. ಪಕ್ಕದ ಕೋಣೆಯಲ್ಲಿ ಟೈಪಿಂಗ್ ಮತ್ತು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಪ್ರಫುಲ್ಲಾ ಜಯವರ್ಮರಿಗೆ ಮೌಸ್ ಹಿಡಿಯಲು ಕಲಿಸಿದಳು. ಅಹಿಂಸೆಯ ಮನೆತನ, ಆ ಇಲಿಗೆ ನೋವಾಗದ ಹಾಗೆ ಎರಡೇ ಬೆರಳಲ್ಲಿ ಹಿಡಿಯುತ್ತಿದ್ದರು. ಜನ್ಮದಲ್ಲಿ ಮೀನು ಮುಟ್ಟದ ಮನುಷ್ಯ ಜೈನಬಮ್ಮನಿಗಾಗಿ ಮೀನಿನ ಮೇಲೆ ಕ್ಲಿಕ್ ಮಾಡಿದ್ದರು. ಈಗ ಮೀನೇ ಅವರಿಗೆ ಹೀಗೆ ಮಾಡಿತ್ತು.

ಗಂಡ ಹೆಂಡತಿ ಹೋದ ಮೇಲೆ ಜಯವರ್ಮರು ಮನೆಯನ್ನು ಪೂರ್ತಿ ಅಳಿಸಿ ಮತ್ತೆ ಎಳೆದರು. ಒಂದೊಂದೇ ಹೊರಗೋಡೆ, ಮೂಲೆಯಿಂದ ಮೂಲೆಗೆ. ಗೋಡೆಗೆ ಹೊರಮೈ ಕೆಂಪುಕಲ್ಲು, ಒಳಮೈ ಬಿಳಿ ಎಂದು ಸಾಫ್ಟ್‌ವೇರಿಗೆ ಸರಿಯಾಗಿಯೇ ಹೇಳಿಕೊಟ್ಟಿದ್ದರು. ಎಳೆದು ಮುಗಿಸಿ, ಮನೆಯನ್ನು ನಿಲ್ಲಿಸಿ ನೋಡಿದರೆ ಮೀನು ಮತ್ತೆ ರಸ್ತೆಯಲ್ಲಿ! ಮೊದಲನೆಯದೂ ಸೇರಿ ಶನಿವಾರದೊಳಗೆ ಐದು ಸಲ ಎಳೆದರು. ಐದು ಸಲವೂ ಮನೆ ಮಗುಚಿಯೇ ಹುಟ್ಟಿತು.

ಸುದ್ದಿ ತಿಳಿದು ಮನೆ ಕಟ್ಟಬೇಕಾದ ರುಕ್ಮಯ್ಯ ಮೇಸ್ತ್ರಿ ಬೆಳ್ತಂಗಡಿಯಿಂದ ಬಂದ. ಪರದೆಯ ಹತ್ತಿರ ಮೂಗು ತಂದು ನೋಡಿದ.

“ಜಯಣ್ಣ, ಇದಕ್ಕೆ ಜಾಗ ಹಿಡಿಸ್ಲಿಲ್ಲ. ಪುಂಜಾಲಕಟ್ಟೆ ಅಂತ ಹೇಳ್ಬೇಡಿ, ಬೆಳ್ತಂಗಡಿ ಅಂತ ಹೇಳಿ ನೋಡಿ.”

“ಅದಕ್ಕೆ ಊರಿನ ಹೆಸರು ಹೇಳ್ಲಿಕ್ಕಿಲ್ಲ ರುಕ್ಮಯ್ಯ.”

“ಅದೇ ತಪ್ಪು! ಎಲ್ಲಿ ನಿಲ್ಬೇಕು ಅಂತ ಗೊತ್ತಿಲ್ಲದಿದ್ರೆ ಗೋಡೆ ಯಾವ ಕಡೆ ಮುಖ ಹಾಕ್ಬೇಕು?”

ಸಾಫ್ಟ್‌ವೇರಿನ ಜೊತೆ ಬಂದ ದಪ್ಪ ಇಂಗ್ಲಿಷ್ ಪುಸ್ತಕ ನನ್ನ ಪಾಲಿಗೆ ಬಂತು, ಕಾನ್ವೆಂಟಿನಲ್ಲಿ ಓದಿದ ಖ್ಯಾತಿಯಿಂದಾಗಿ. ಸಿಸ್ಟರುಗಳು ನನಗೆ ‘ನನ್ನ ಮನೆ’ ಎಂಬ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಅದರಲ್ಲಿ ಬಾಗಿಲು, ಕಿಟಕಿ, ಒಂದು ನಾಯಿ ಇತ್ತೇ ಹೊರತು ಗೋಡೆಗೆ ಒಳಹೊರಗು ಇರಲಿಲ್ಲ. ನಲವತ್ತು ಪುಟ ಓದಿ, ಪುಸ್ತಕವನ್ನು ಮಗುಚಿ ಇಟ್ಟೆ.

ಸೋಮವಾರ ಜಯವರ್ಮರ ಹೆಂಡತಿ ಪದ್ಮಲತಾ ಬ್ಯಾಂಕಿನ ಕೆಲಸಕ್ಕೆಂದು ಮೂಡಬಿದಿರೆಯಿಂದ ಬಂದವರು ಬಿಸಿಲು ಇಳಿಯುವವರೆಗೆ ಕಚೇರಿಯಲ್ಲಿ ಕುಳಿತರು. ಗಂಡ ಆರನೆಯ ಸಲ ಎಳೆಯುತ್ತಿದ್ದರು. ಹಿಂದಿನಿಂದ ನೋಡುತ್ತಿದ್ದ ಪದ್ಮಲತಾ ಇದ್ದಕ್ಕಿದ್ದಂತೆ ಎದ್ದು ನಿಂತರು.

“ಇವ್ರೇ, ನೀವು ಎಂತಕ್ಕೆ ಅಪ್ರದಕ್ಷಿಣೆ ಹೋಗ್ತಾ ಇದ್ದೀರಿ?”

“ನಾನೆಲ್ಲಿ ಹೋದೆ? ಕೂತೇ ಇದ್ದೇನಲ್ಲ.”

“ಮನೆಗೆ! ರಸ್ತೆ ಬದಿಯಿಂದ ಬಲಕ್ಕೆ, ಅಲ್ಲಿಂದ ಮೇಲೆ, ಮೇಲಿಂದ ಎಡಕ್ಕೆ. ಮನೆ ನಿಮ್ಮ ಎಡಗೈ ಬದಿಗೆ ಬಂತು. ಬಸದಿಯಲ್ಲಿ ಹೀಗೆ ಸುತ್ತಿದ್ದಿದ್ರೆ ಮಾವ ಕೋಲು ತಗೊಳ್ತಿದ್ರು.”

ಜಯವರ್ಮರು ಹೆಂಡತಿಯನ್ನು ನೋಡಿದರು, ಪರದೆಯನ್ನು ನೋಡಿದರು. ಎಲ್ಲ ಅಳಿಸಿ, ಈ ಸಲ ರಸ್ತೆ ಬದಿಯಿಂದ ಎಡಕ್ಕೆ ಹೊರಟರು. ಮೇಲೆ, ಬಲಕ್ಕೆ, ಕೆಳಗೆ. ಸುತ್ತು ಮುಗಿಯಿತು. ಮನೆ ಎದ್ದಿತು. ಹೊರಗೆ ಕೆಂಪುಕಲ್ಲು ಫಳಫಳ, ಒಳಗೆ ಬಿಳಿ ಬಣ್ಣ, ಪರದೆ ಕಿಟಕಿಯೊಳಗೆ, ಮೀನು ಬಚ್ಚಲೊಳಗೆ!

ಆ ಸಾಫ್ಟ್‌ವೇರಿನ ಕಟ್ಟಳೆಯೇ ಹಾಗೆ: ಗೋಡೆ ಎಳೆಯುತ್ತ ಹೋಗುವವನ ಎಡಗೈ ಬದಿ ಹೊರಗು, ಬಲಗೈ ಬದಿ ಒಳಗು. ಪ್ರದಕ್ಷಿಣೆ ಬಂದರೆ ಮನೆ ನೆಟ್ಟಗೆ, ಅಪ್ರದಕ್ಷಿಣೆ ಬಂದರೆ ಮಗುಚು. ಅದನ್ನು ಬರೆದ ಪರದೇಶದವರಿಗೆ ಇದು ಗೊತ್ತಿತ್ತೋ ಇಲ್ಲವೋ, ರುಕ್ಮಯ್ಯನಿಗಂತೂ ಗೊತ್ತಾಯಿತು. “ಕಂಪ್ಯೂಟರಿಗೂ ಪ್ರದಕ್ಷಿಣೆ ಬೇಕಂತೆ!” ಎಂದು ಸಂಜೆಯ ಬಸ್ಸಿನಲ್ಲಿ ಕಂಡಕ್ಟರನಿಗೆ ಹೇಳಿದ. ಬಸ್ಸಿಗಿಂತ ಮುಂಚೆ ಮಾತು ಪುಂಜಾಲಕಟ್ಟೆ ತಲುಪಿತು.

ಬುಧವಾರ ಕುಂಞಿ ದಂಪತಿಗಳು ಬಂದಾಗ ಕಚೇರಿಯಲ್ಲಿ ಜಾತ್ರೆಯಷ್ಟು ಜನ. ಪದ್ಮಲತಾ ವಿಜಯಿಯಂತೆ ಬಾಗಿಲಲ್ಲೇ ನಿಂತಿದ್ದರು. ಜೈನಬಮ್ಮ ಮನೆಯನ್ನು ನೋಡಿದರು. ಚಂದ ಉಂಟು ಎಂದರು. ಆಮೇಲೆ ಕುರ್ಚಿ ಎಳೆದು ಕುಳಿತು ಕೇಳಿದರು:

“ಜಯಣ್ಣ, ಮೊದಲನೆಯ ದಿನ ನಿಮ್ಮ ಕೈ ಯಾವ ಕಡೆಯಿಂದ ಸುತ್ತಿತ್ತು?”

“ಎಡಸುತ್ತು ಜೈನಬಮ್ಮ, ಮನೆ ಎಡಗೈ ಬದಿಗೆ. ಅದೇ ತಪ್ಪಾದ್ದು.”

“ತಪ್ಪು ಅಂತ ಯಾರು ಹೇಳಿದ್ದು? ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೋದಾಗ ನಾವು ಸುತ್ತಿದ್ದು ಹಾಗೆಯೇ. ಕಾಬಾ ನಮ್ಮ ಎಡಗೈ ಬದಿಗೆ. ಕೇಳಿ ಇವರನ್ನು.”

ಕುಂಞಿಯವರು ತಲೆಯಾಡಿಸಿದರು.

“ಯಾರೂ ಹೇಳಿಕೊಡದೆ ನಿಮ್ಮ ಕೈ ನಮ್ಮ ಸುತ್ತು ಸುತ್ತಿದೆ,” ಎಂದರು ಜೈನಬಮ್ಮ. “ಬಸದಿಯ ಮನೆಯವರ ಕೈ! ಐದು ಸಲ! ಅದಕ್ಕೆ ಅರ್ಥ ಇಲ್ವಾ? ನನಗೆ ಆ ಸುತ್ತಿನ ಮನೆಯೇ ಬೇಕು.”

“ಆದ್ರೆ ಅದು ಮಗುಚಿ...”

“ಮಗುಚಿದ್ದನ್ನು ಸರಿ ಮಾಡಿ. ಸುತ್ತು ಬದಲಿಸ್ಬೇಡಿ.”

“ನಾಡಿದ್ದು ಫ್ಲೈಟ್,” ಎಂದರು ಕುಂಞಿಯವರು ಯಾರನ್ನೂ ನೋಡದೆ. “ಮಂಗಳೂರಿನವ ಒಂದೇ ದಿನದಲ್ಲಿ ಮಾಡ್ತಾನಂತೆ.”

ಜಯವರ್ಮರ ಮುಖ ಟ್ರೇಸಿಂಗ್ ಕಾಗದದ ಬಣ್ಣಕ್ಕೆ ಬಂತು. ಎಡಸುತ್ತು ಹೋದರೆ ಸಾಫ್ಟ್‌ವೇರು ಬಿಡುವುದಿಲ್ಲ, ಬಲಸುತ್ತು ಹೋದರೆ ಜೈನಬಮ್ಮ ಬಿಡುವುದಿಲ್ಲ. ಎಲ್ಲರೂ ಪದ್ಮಲತಾ ಏನೆನ್ನುತ್ತಾರೋ ಎಂದು ಬಾಗಿಲಿನ ಕಡೆ ನೋಡಿದರು. ಅವರು ಸೆರಗು ಸರಿಮಾಡಿಕೊಂಡರು.

“ಅವರ ಮನೆಗೆ ಅವರ ಸುತ್ತು ಇರ್ಲಿ ಮಾರಾಯ್ರೆ. ದೇವರು ಯಾವ ಕೈಯ ಬದಿಗೆ ಇರ್ಬೇಕು ಅಂತ ಅವರವರಿಗೆ ಬಿಟ್ಟದ್ದು. ಮೀನು ಒಳಗೆ ಹೋದ್ರೆ ಆಯ್ತಲ್ಲ.”

“ಅಲ್ವಾ ಪದ್ಮಕ್ಕ?” ಎಂದು ಜೈನಬಮ್ಮ ಪಕ್ಕದ ಕುರ್ಚಿ ತಟ್ಟಿ ಅವರನ್ನು ಕೂರಿಸಿಕೊಂಡರು. ಇನ್ನು ಇಬ್ಬರು ಹೆಂಗಸರು ಒಂದು ಕಡೆ, ಕಂಪ್ಯೂಟರು ಒಂದು ಕಡೆ.

ಜಯವರ್ಮರು ಏಳನೆಯ ಸಲ ಎಳೆದರು, ಎಡಸುತ್ತು. ಮೀನು ರಸ್ತೆಗೆ ಬಂತು. ಎಲ್ಲ ಗೋಡೆಗಳನ್ನೂ ಒಟ್ಟಿಗೆ ಆರಿಸಿ ಹಿಡಿದು, ಮುಂದೇನೆಂದು ತಿಳಿಯದೆ ಕುಳಿತರು. ಗಲಾಟೆ ಕೇಳಿ ಕ್ಲಾಸು ಬಿಟ್ಟು ಬಂದಿದ್ದ ಪ್ರಫುಲ್ಲಾ ಜನರ ನಡುವೆ ನುಸುಳಿದಳು.

“ಸರ್, ಎಂತಾದ್ರೂ ಸಿಕ್ಕಿಹಾಕಿಕೊಂಡ್ರೆ ನಾನು ಒಂದು ಸ್ಪೇಸ್ ಒತ್ತಿ ನೋಡ್ತೇನೆ.”

“ಬೇಡ ಬೇಡ, ಎಲ್ಲ ಹೋದೀತು!”

ಅವಳು ಒತ್ತಿಯಾಗಿತ್ತು. ಹನ್ನೊಂದು ಹೊರಗೋಡೆಗಳು, ದೋಸೆ ಮಗುಚಿದ ಹಾಗೆ, ಒಂದೇ ಏಟಿಗೆ ಮಗುಚಿದವು. ಕೆಂಪುಕಲ್ಲು ಹೊರಗೆ. ಮೀನು ಒಳಗೆ. ಸ್ವಿಚ್‌ಬೋರ್ಡು ತನ್ನ ಮನೆಗೆ. ರುಕ್ಮಯ್ಯ “ಓಹೋಯ್!” ಎಂದು ಕಂಬಳದಲ್ಲಿ ಕೋಣ ಓಡಿಸುವವನಂತೆ ಕೂಗಿದ. ಕೆಳಗಿನ ಹೋಟೆಲಿನವರು ಏನೋ ಬಿತ್ತೆಂದು ಮೇಲೆ ಓಡಿಬಂದರು. ಪ್ರಫುಲ್ಲಾ ಖುಷಿಗೆ ಮತ್ತೊಮ್ಮೆ ಒತ್ತಿದಳು, ಮೀನು ಹೊರಗೆ, ಮತ್ತೊಮ್ಮೆ, ಒಳಗೆ. “ಸಾಕು ಪ್ರಫುಲ್ಲಾ, ಮೀನಿಗೆ ತಲೆ ತಿರುಗ್ತದೆ!” ಎಂದು ಜೈನಬಮ್ಮ ಕಣ್ಣೊರೆಸಿಕೊಳ್ಳುತ್ತ ನಕ್ಕರು.

ಆಮೇಲೆ ಅರ್ಧ ಗಂಟೆ ಅವರು ಆ ಮನೆಯೊಳಗೆ ನಡೆದಾಡಿದರು. ಅಡಿಗೆಮನೆಯ ಕಿಟಕಿಯಿಂದ ಬಾವಿ ಕಾಣಬೇಕೆಂದು ಕಿಟಕಿಯನ್ನು ಸರಿಸಿಸಿದರು. ಮಲಗುವ ಕೋಣೆಯಲ್ಲಿ ನಿಂತು, “ಇಲ್ಲಿ ನಾನಿದ್ದೇನೆ,” ಎಂದು ಗಂಡನಿಗೆ ಬೆರಳಿಟ್ಟು ತೋರಿಸಿದರು. ಕೊನೆಗೆ “ಹೂಂ” ಎಂದರು. ಕುಂಞಿಯವರು ಸಹಿ ಹಾಕಿ, ಶುಕ್ರವಾರ ವಿಮಾನ ಹತ್ತಿದರು.

ಮುಂದಿನದು ಜಯವರ್ಮರು ಕನಸಿನಲ್ಲೂ ಎಣಿಸದ ಸಂಗತಿ. ದಮ್ಮಾಮಿನ ಇಪ್ಪತ್ತರಲ್ಲಿ ಹದಿನೇಳು ಮಂದಿ ಅವರ ಹತ್ತಿರವೇ ಬಂದರು. ಬೇರೆಯವರೂ ಬಂದರು. ಪ್ಲ್ಯಾನಿಗೆ ಬಂದವರು ಎಷ್ಟು ಕೋಣೆ, ಎಷ್ಟು ಚದರ ಎಂದು ಹೇಳುವ ಮೊದಲು “ನಮ್ಮದು ಬಲಸುತ್ತು,” “ನಮ್ಮದು ಎಡಸುತ್ತು” ಎಂದು ಹೇಳುತ್ತಿದ್ದರು. ಕ್ರೈಸ್ತರು ಮಾತ್ರ ಎಲ್ಲಿಂದ ಬೇಕಾದರೂ ಎಳೆಯಿರಿ ಎನ್ನುತ್ತಿದ್ದರು, ಹೇಗೂ ಪಾದ್ರಿಗಳು ಬಂದು ನೀರು ಚಿಮುಕಿಸುತ್ತಾರಲ್ಲ. ಬಸದಿಯ ಮನೆಯವರ ಕೈಯನ್ನು ಅದೃಶ್ಯವಾದ ಯಾವುದೋ ಶಕ್ತಿ ಎಡಸುತ್ತಿಗೆ ತಿರುಗಿಸಿದ ಕಥೆ ಊರೂರಿನಲ್ಲೂ ಬೆಳೆಯಿತು. ಬೆಳ್ತಂಗಡಿಗೆ ಮುಟ್ಟುವಾಗ ಅದರಲ್ಲಿ ಒಂದು ಬೆಳಕೂ ಸೇರಿತ್ತು. ಜಯವರ್ಮರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವರನ್ನು ಯಾರೂ ನೇರವಾಗಿ ಕೇಳಿರಲಿಲ್ಲ.

ಕೇಳಿದ್ದು ಜೈನಬಮ್ಮ. 2005ರ ಜನವರಿಯಲ್ಲಿ, ಪುಂಜಾಲಕಟ್ಟೆಯ ಹೊಸ ಮನೆಯ ಊಟದ ದಿನ. ಕುಂಞಿಯವರು ಮತ್ತೆ ರಜೆಯಲ್ಲಿ ಬಂದಿದ್ದರು. ಅಂಗಳದ ಶಾಮಿಯಾನದ ಕೆಳಗೆ ಬಿರಿಯಾನಿ. ಜಯವರ್ಮ ದಂಪತಿಗಳಿಗೆ ಪಕ್ಕದ ಮನೆಯವರಿಂದ ಬೇರೆಯೇ ಮಾಡಿಸಿದ ಪಾಯಸದೂಟ. ಕೆಂಪುಕಲ್ಲಿನ ಹೊರಗೋಡೆಯನ್ನು ಬಂದವರೆಲ್ಲ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಊಟ ಮುಗಿಯುವ ಹೊತ್ತಿಗೆ ಜೈನಬಮ್ಮ ತಮ್ಮ ನೆಂಟರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಜಯವರ್ಮರ ಮುಂದೆ ಬಂದರು. ಕುಂಞಿಯವರು ಟೋಪಿ ಸರಿಮಾಡಿಕೊಂಡರು. ಪದ್ಮಲತಾ ಕೂಡ ಪಾಯಸದ ಲೋಟ ಕೆಳಗಿಟ್ಟರು.

“ಜಯಣ್ಣ, ಇವತ್ತು ಇವರೆಲ್ಲರ ಎದುರು ಒಂದು ಸಲ ಹೇಳಿ. ಹುಟ್ಟಿದಾಗಿಂದ ಬಲಸುತ್ತೇ ಸುತ್ತಿದವರು ನೀವು. ಆ ದಿನ ನಿಮ್ಮ ಕೈಯನ್ನು ಎಡಸುತ್ತಿಗೆ ತಿರುಗಿಸಿದ್ದು ಎಂತದು?”

ಜಯವರ್ಮರು ಬಾಯಲ್ಲಿದ್ದ ದ್ರಾಕ್ಷಿ ನುಂಗಿದರು.

“ಆ ಮಾನಿಟರ್ ಸೆಕೆಂಡ್‌ಹ್ಯಾಂಡ್ ಜೈನಬಮ್ಮ. ಬೆಳಿಗ್ಗೆ ಅರ್ಧ ಗಂಟೆ ಎಡಬದಿ ಪೂರಾ ಕಪ್ಪು ಇರ್ತಿತ್ತು. ರಸ್ತೆ ಬದಿಯ ಗೋಡೆಯಿಂದ ಶುರು ಮಾಡಿ, ಕಾಣುವ ಬಲಬದಿಗೆ ಹೋದೆ. ಆಮೇಲೆ ಅದೇ ಅಭ್ಯಾಸ ಆಯ್ತು.”