ಒತ್ತಕ್ಕ ಬಿಚ್ಚಿದ ಬ್ರಾಕೆಟ್ಟು

ಒತ್ತಕ್ಕ ಅನ್ನುವುದು ಅವಳ ಹೆಸರಲ್ಲ, ಅವಳ ಕೆಲಸ. ಬಸ್ಸು ಲಾರಿಗಳ ಚಾಸಿ ಕಟ್ಟುವ ಆ ಶೆಡ್ಡಿಗೆ ಅವಳು ಮೊದಲ ಸಲ ಕಾಲಿಟ್ಟದ್ದು ಗಂಡನಿಗೆ ಊಟದ ಡಬ್ಬಿ ಕೊಡುವುದಕ್ಕೆ. ಅವತ್ತು ಅವನ ಜೊತೆ ಕೆಲಸ ಮಾಡುತ್ತಿದ್ದವನು ಹೇಳದೆ ಕೇಳದೆ ಬಿಟ್ಟು ಹೋಗಿದ್ದ. ಕುಲುಮೆಯಲ್ಲಿ ರಿವೆಟ್ಟು ಎನ್ನುವ ದಪ್ಪ ಮೊಳೆ ಕೆಂಪಗೆ ಕಾದು ಕೂತಿತ್ತು. “ಸ್ವಲ್ಪ ಆ ಕಡೆ ಹೋಗಿ ಇದನ್ನ ಒತ್ತಿ ಹಿಡ್ಕೊ,” ಎಂದು ಗಂಡ ಒಂದು ದಪ್ಪ ಕಬ್ಬಿಣದ ತುಂಡನ್ನು ಅವಳ ಕೈಗೆ ಕೊಟ್ಟ. ಆ ‘ಸ್ವಲ್ಪ’ ವರ್ಷಗಟ್ಟಲೆ ನಡೆಯಿತು. ತಣ್ಣಗಾದ ಊಟ ಉಣ್ಣುವುದು ಇಬ್ಬರಿಗೂ ಅಭ್ಯಾಸವಾಯಿತು.

ಕೆಲಸ ನೋಡುವುದಕ್ಕೆ ಸುಲಭ. ಗಾಡಿಯ ಅಡಿಯಲ್ಲಿ ಎರಡು ಉದ್ದ ತೊಲೆ, ನಡುವೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ತೊಲೆಗಳು. ಎರಡೂ ಕೂಡುವ ಮೂಲೆಗೆ ಬ್ರಾಕೆಟ್ಟು ಕೂರಿಸಿ, ತೂತಿಗೆ ಕಾದ ರಿವೆಟ್ಟು ತೂರಿಸಬೇಕು. ಈ ಕಡೆಯಿಂದ ಒಬ್ಬರು ಅದರ ತುದಿ ಚಪ್ಪಟೆಯಾಗುವಂತೆ ಬಡಿಯಬೇಕು, ಆ ಕಡೆಯಿಂದ ಇನ್ನೊಬ್ಬರು ಒತ್ತಿ ಹಿಡಿಯಬೇಕು. ಒತ್ತುವವರು ಇಲ್ಲದಿದ್ದರೆ ಎಂಥವನ ಏಟೂ ದಂಡ. ನಡುವೆ ತೊಲೆ ಇರುವುದರಿಂದ ಗಂಡ ಹೆಂಡತಿ ಕೆಲಸದ ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವಳಿಗೆ ಅವನು ಗೊತ್ತಾಗುತ್ತಿದ್ದದ್ದು ಅಂಗೈಯಲ್ಲಿ. ಎರಡು ಸಣ್ಣ ಏಟು, ಒಂದು ದೊಡ್ಡದು. ಮನೆಯಲ್ಲಿ ಜಗಳವಾಡಿ ಬಂದ ದಿನ ದೊಡ್ಡದು ಇನ್ನೂ ದೊಡ್ಡದಾಗುತ್ತಿತ್ತು.

“ನನ್ನ ಮೇಲಿನ ಸಿಟ್ಟನ್ನ ಅದರ ಮೇಲೆ ಯಾಕೆ ತೀರಿಸ್ತೀರಾ?” ಎಂದು ಅವಳು ಆಚೆಯಿಂದ ಕೂಗುತ್ತಿದ್ದಳು.

“ಇದು ಎದುರು ಮಾತಾಡಲ್ಲ ನೋಡು, ಅದಕ್ಕೆ,” ಎಂದು ಈಚೆಯಿಂದ ಉತ್ತರ ಬರುತ್ತಿತ್ತು.

ಅವನನ್ನು ಎಲ್ಲರೂ ಭದ್ರಣ್ಣ ಎಂದು ಕರೆಯುತ್ತಿದ್ದರು. ಜೋಡಣೆ ಮುಗಿದ ಮೇಲೆ ಅದನ್ನೊಮ್ಮೆ ತಟ್ಟಿ “ಭದ್ರ” ಎನ್ನುವುದು ಅವನ ಚಾಳಿ. ಬೇರೆಯವರು ಒಂದು ಬ್ರಾಕೆಟ್ಟು ಹಾಕಿ ಕೈ ತೊಳೆದುಕೊಂಡರೆ ಇವನು ಬಲಕ್ಕೆಂದು ಅದರ ಮೇಲೊಂದು ದಪ್ಪ ತಗಡು ಇಡುತ್ತಿದ್ದ, ಸಾಲದ್ದಕ್ಕೆ ಇನ್ನಷ್ಟು ರಿವೆಟ್ಟು ಹೊಡೆಯುತ್ತಿದ್ದ, ಅದೂ ಸಾಲದೆಂದು ಅಂಚಿನ ಸುತ್ತ ವೆಲ್ಡಿಂಗ್ ಎಳೆಯುತ್ತಿದ್ದ. ಅತಿಯಾಯಿತು ಎಂದರೆ ಕೇಳುವ ಆಸಾಮಿಯಲ್ಲ. ಹಳ್ಳಕೊಳ್ಳದ ರಸ್ತೆಯಲ್ಲಿ ಎಲ್ಲ ಗಾಡಿಗಳ ಚಾಸಿಯೂ ಕಿರ್ ಎಂದು ನರಳುತ್ತದೆ. ಭದ್ರಣ್ಣ ಕಟ್ಟಿದ್ದು ಮಾತ್ರ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಡ್ರೈವರುಗಳು ಅದಕ್ಕೇ ಅವನನ್ನು ಹುಡುಕಿಕೊಂಡು ಬರುತ್ತಿದ್ದರು.

ಆ ಶೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ಯಾರು ಹಾಕಿದ ಜೋಡಣೆಯೋ, ಅದನ್ನು ಬಿಚ್ಚುವಾಗ ಮೊದಲ ಏಟು ಅವರದೇ. ಕೆಲಸ ಬಿಟ್ಟು ಬೇರೆ ಕಡೆ ಸೇರಿದವನನ್ನೂ ಕರೆಸಿ, ಅವನ ಕೈಗೇ ಉಳಿ ಕೊಡುತ್ತಿದ್ದರು. ಒಳಗೆ ಏನು ಇಟ್ಟಿದ್ದಾನೆ ಎಂದು ಇಟ್ಟವನಿಗಲ್ಲದೆ ಇನ್ನಾರಿಗೆ ಗೊತ್ತು ಎನ್ನುವುದು ಒಂದು ಕಾರಣ. ಇನ್ನೊಬ್ಬನ ಕೆಲಸವನ್ನು ಅವನ ಬೆನ್ನ ಹಿಂದೆ ಒಡೆಯಬಾರದು ಎನ್ನುವುದು ಇನ್ನೊಂದು. ಸತ್ತವನು ಹಾಕಿದ್ದನ್ನು ಏನು ಮಾಡಬೇಕು ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ.

ಭದ್ರಣ್ಣ ಸತ್ತದ್ದು ಶೆಡ್ಡಿನಲ್ಲೇ, ಚಹಾದ ಲೋಟ ಹಿಡಿದು ಕೂತಿದ್ದಾಗ. ಎದೆ ಹಿಡಿದುಕೊಂಡ, ಪಕ್ಕಕ್ಕೆ ವಾಲಿದ, ಅಷ್ಟೇ. ಒತ್ತಕ್ಕ ಕೆಲಸ ಬಿಡಲಿಲ್ಲ. ಬೇರೆಯವರು ಬಡಿದರು, ಇವಳು ಒತ್ತಿದಳು. ಆದರೆ ಮನೆಯಲ್ಲಿ ಬಟ್ಟೆ ಹಿಂಡುವಾಗಲೋ, ಕಸ ಗುಡಿಸುವಾಗಲೋ ಇದ್ದಕ್ಕಿದ್ದಂತೆ ಅಂಗೈ ಅದುರುತ್ತಿತ್ತು. ಎರಡು ಸಣ್ಣದು, ಒಂದು ದೊಡ್ಡದು. ಮೊದಮೊದಲು ಅವಳು ಹೆದರಿ ಕೈ ಕೊಡವಿದಳು. ಆಮೇಲೆ ಕೆಲಸ ನಿಲ್ಲಿಸಿ ಅಂಗೈ ಬಿಡಿಸಿಕೊಂಡು ಕೂತಳು. ಅದು ಬಂದರೂ ಭಯ, ಒಂದು ದಿನ ಬರದಿದ್ದರೆ ಇನ್ನೂ ಭಯ.

ಮನೆಯಲ್ಲಿ ಅತ್ತೆಯದು ಇನ್ನೊಂದು ತರಹ. ಮುದುಕಿಗೆ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಸೂಜಿ ಬಿದ್ದರೂ ಕೇಳುವಷ್ಟು ಚುರುಕು. ಮನೆಯ ಮುಂದೆ ರಸ್ತೆಗೊಂದು ಉಬ್ಬು ಇತ್ತು. ಅದನ್ನು ಹತ್ತಿ ಇಳಿಯುವಾಗ ಪ್ರತಿ ಬಸ್ಸೂ ಲಾರಿಯೂ ಕಿರ್ ಎನ್ನುತ್ತಿತ್ತು. ಅತ್ತೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು, ಕಿರ್ ಎನ್ನದೆ ದಾಟುವ ಗಾಡಿಗಾಗಿ ಕಾಯುತ್ತಿದ್ದಳು. ಅಂಥದ್ದು ಹೋದ ಕೂಡಲೇ ಮುಖ ಅರಳಿಸಿ, “ಈಗ ಹೋದ ನೋಡು,” ಎನ್ನುತ್ತಿದ್ದಳು. ಮಗ ಸಂತೆಗೋ ಅಂಗಡಿಗೋ ಹೋಗಿ ಬರುತ್ತಿದ್ದಾನೆ ಎನ್ನುವ ಧಾಟಿ. ಒತ್ತಕ್ಕನೂ “ಹೌದತ್ತೆ, ಹೋದರು” ಎಂದು ತಲೆಯಾಡಿಸುತ್ತಿದ್ದಳು. ಒಂದೊಂದು ಸಲ ಅವಳು ಎದ್ದು ಬಂದು ಇಣುಕಿದರೆ ಬೀದಿಯಲ್ಲಿ ಗಾಡಿಯೇ ಇರುತ್ತಿರಲಿಲ್ಲ. ಆಗಲೂ “ಹೌದತ್ತೆ” ಎಂದೇ ಒಳಗೆ ಹೋಗುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಶೆಡ್ಡಿಗೆ ಒಂದು ಬಸ್ಸು ಬಂತು. ಬಾಗಿಲು ಎಷ್ಟು ಎಳೆದರೂ ಮುಚ್ಚುವುದಿಲ್ಲ, ಸ್ಟೀರಿಂಗ್ ಬಿಟ್ಟರೆ ಗಾಡಿ ಒಂದೇ ಕಡೆಗೆ ಎಳೆಯುತ್ತದೆ ಎಂದು ಡ್ರೈವರು ದೂರಿದ. “ಆದ್ರೂ ಅಕ್ಕ, ಅಡಿಯಿಂದ ಒಂದು ಸದ್ದಿಲ್ಲ. ಭದ್ರಣ್ಣ ಕಟ್ಟಿದ್ದಲ್ವಾ?” ಎಂದ. ಒತ್ತಕ್ಕನಿಗೆ ಅದು ಹೊಗಳಿಕೆಯಾಗಿಯೇ ಕೇಳಿತು. ಬಸ್ಸನ್ನು ಜಾಕಿನ ಮೇಲೆ ಎತ್ತಿದರು. ಅವಳು ಗೋಣಿ ಹಾಸಿಕೊಂಡು ಅಡಿಗೆ ಸರಿದಳು.

ಭದ್ರಣ್ಣನ ಬ್ರಾಕೆಟ್ಟು ಇದ್ದ ಹಾಗೇ ಇತ್ತು. ಒಂದು ರಿವೆಟ್ಟೂ ಅಲುಗಿರಲಿಲ್ಲ. ಅವಳು ಮಣ್ಣು ಒರೆಸಿದಳು, ಅಂಚಿನ ವೆಲ್ಡಿಂಗಿನ ಮೇಲೆ ಬೆರಳು ಎಳೆದಳು. ಬೆರಳು ಬ್ರಾಕೆಟ್ಟು ದಾಟಿ ಉದ್ದ ತೊಲೆಗೆ ಹೋದಾಗ ತಡೆಯಿತು. ಕೂದಲೆಳೆಯಷ್ಟು ಸಣ್ಣ ಬಿರುಕು, ಒಳಗಿಂದ ತುಕ್ಕು ಜಿನುಗಿತ್ತು. ಅದು ಬ್ರಾಕೆಟ್ಟಿನ ಅಂಚಿಗೆ ಅಂಟಿಕೊಂಡೇ ಹೊರಟು, ತೊಲೆಯ ಅರ್ಧದವರೆಗೂ ಏರಿತ್ತು. ಒತ್ತಕ್ಕ ಅಡಿಯಿಂದಲೇ ದೊಡ್ಡಮೇಸ್ತ್ರಿಯನ್ನು ಕೂಗಿದಳು.

ದೊಡ್ಡಮೇಸ್ತ್ರಿ ಆ ಶೆಡ್ಡಿನ ಯಜಮಾನ, ಭದ್ರಣ್ಣನಿಗೆ ಕೆಲಸ ಕಲಿಸಿದವನು. ಅವನೂ ಬಗ್ಗಿ ನೋಡಿದ. ನೋಡಿ, ಆಶ್ಚರ್ಯಪಡದೆ ಎದ್ದು ನಿಂತ.

“ಬಿರುಕಿನ ಮೇಲೊಂದು ಕಬ್ಬಿಣದ ಪಟ್ಟಿ ಕೂರಿಸಿ ಕಳಿಸೋಣ. ಅವನ ಜೋಡಣೆ ಮುಟ್ಟೋದು ಬೇಡ. ಮೊದಲ ಏಟು ಹಾಕೋಕೆ ಅವನೆಲ್ಲಿದ್ದಾನೆ?”

“ಪಟ್ಟಿ ಹಾಕಿದ್ರೆ ನಿಲ್ಲುತ್ತಾ ಮೇಸ್ತ್ರಿ?”

“ಸ್ವಲ್ಪ ದಿನ ನಿಲ್ಲುತ್ತೆ.”

“ಆಮೇಲೆ?”

ಮೇಸ್ತ್ರಿ ಕೈ ಒರೆಸುವ ಬಟ್ಟೆಯಲ್ಲಿ ಕೈ ಒರೆಸುತ್ತಲೇ ಇದ್ದ. ಆ ಬಟ್ಟೆ ಅವನ ಕೈಗಿಂತ ಕೊಳೆಯಾಗಿತ್ತು.

“ನೋಡಮ್ಮ, ಕಬ್ಬಿಣಕ್ಕೂ ಮೈ ಮುರಿಯೋಕೆ ಜಾಗ ಬೇಕು. ಒಂದು ಚಕ್ರ ಗುಂಡಿಗೆ ಇಳೀತು ಅಂದ್ರೆ ಚಾಸಿ ಸ್ವಲ್ಪ ತಿರುಚಿಕೊಳ್ಳುತ್ತೆ. ಜೋಡಣೆನೂ ಅದರ ಜೊತೆ ಸ್ವಲ್ಪ ಆಡಬೇಕು. ನರಳೋದು ಅದೇನೇ. ಇವನು ಆಡೋಕೇ ಬಿಡಲಿಲ್ಲ. ಬ್ರಾಕೆಟ್ಟು ಗಟ್ಟಿಯಾಗಿ ನಿಂತು, ಪಕ್ಕದ ತೊಲೆ ಎಲ್ಲಾ ಪೆಟ್ಟನ್ನೂ ತಿಂತು. ಎಷ್ಟು ಸಲ ಹೇಳಿದೆ. ಕೇಳಲಿಲ್ಲ.”

“ನಿಮಗೆ ಮೊದಲೇ ಗೊತ್ತಿತ್ತಾ?”

ಮೇಸ್ತ್ರಿ ತಲೆ ತಗ್ಗಿಸಿದ. “ಹೋದ ತಿಂಗಳು ಒಂದು ಲಾರಿ ಬಂದಿತ್ತು. ನೀನು ರಜೆಯಲ್ಲಿದ್ದೆ. ಹೀಗೇ ಬಿರುಕು. ಪಟ್ಟಿ ಹಾಕಿ ಕಳಿಸಿದೆ. ನಿನ್ನ ಮುಖ ನೋಡಿ ಹೇಳೋಕೆ ಬಾಯಿ ಬರಲಿಲ್ಲ.”

ಒತ್ತಕ್ಕನಿಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. ಹೇಳಿದರೂ ಕೇಳದ ಗಂಡನ ಮೇಲೋ, ತನ್ನ ಮರ್ಯಾದೆ ಕಾಯಲು ಬಿರುಕಿನ ಗಾಡಿಯನ್ನು ರಸ್ತೆಗೆ ಬಿಟ್ಟ ಈ ಮುದುಕನ ಮೇಲೋ. ಗಂಡ ಬಿಟ್ಟು ಹೋದದ್ದು ಆಸ್ತಿಯಲ್ಲ, ಮಕ್ಕಳಲ್ಲ, ಒಂದು ಒಳ್ಳೆಯ ಹೆಸರು ಮಾತ್ರ. ಈಗ ಈ ಬ್ರಾಕೆಟ್ಟು ಬಿಚ್ಚಿದರೆ ಡ್ರೈವರುಗಳ ಬಾಯಿಂದ ಬಾಯಿಗೆ ಸುದ್ದಿ ಹೋಗುತ್ತದೆ. ಭದ್ರಣ್ಣ ಕಟ್ಟಿದ್ದು ಚಾಸಿಯನ್ನೇ ಸೀಳುತ್ತದಂತೆ ಎನ್ನುತ್ತಾರೆ. ಬಿಚ್ಚದಿದ್ದರೆ ಯಾವುದೋ ಇಳಿಜಾರಿನಲ್ಲಿ ಬಸ್ಸು ನಡು ಮುರಿದು ಕೂರುತ್ತದೆ, ಒಳಗೆ ಜನ ಇರುತ್ತಾರೆ. ಡ್ರೈವರು ಹೊರಗೆ ನಿಂತು, ಏನೂ ಗೊತ್ತಿಲ್ಲದೆ, ಟೈರಿನ ಮೇಲಿನ ಮಣ್ಣನ್ನು ಕಾಲಿಂದ ಕೆರೆಯುತ್ತಿದ್ದ.

“ಉಳಿ ಕೊಡಿ,” ಎಂದಳು ಒತ್ತಕ್ಕ.

“ಕಟ್ಟಳೆ ಇದೆಯಲ್ಲಮ್ಮ.”

“ಇದೆ. ಅವರೊಬ್ಬರೇ ಹಾಕಿದ್ದಾ ಇದನ್ನ? ಆ ಕಡೆ ಒತ್ತಿ ಹಿಡಿದವಳು ನಾನಲ್ವಾ?”

ಮೇಸ್ತ್ರಿ ಬಸ್ಸಿನಡಿಗೆ ಹೋದ. ವೆಲ್ಡಿಂಗಿನ ಅಂಚನ್ನು ಕೈಗ್ರೈಂಡರಿನಲ್ಲಿ ಕೊಯ್ದು, ಉಳಿ ಸುತ್ತಿಗೆ ಅವಳ ಕೈಗೆ ಕೊಟ್ಟು ದೂರ ಸರಿದು ನಿಂತ. ಒತ್ತಕ್ಕ ಇಷ್ಟು ವರ್ಷದಲ್ಲಿ ಮೊದಲ ಸಲ ತೊಲೆಯ ಈಚೆ ಬದಿಗೆ, ಗಂಡ ಕೂರುತ್ತಿದ್ದ ಕಡೆಗೆ ಬಂದು ಕೂತಳು. ರಿವೆಟ್ಟಿನ ತಲೆಗೆ ಉಳಿ ಇಟ್ಟು ಸುತ್ತಿಗೆ ಎತ್ತಿದಳು. ಬೇಕೆಂದು ಬಡಿಯಲಿಲ್ಲ, ಕೈ ತಾನಾಗಿ ಬಡಿಯಿತು: ಎರಡು ಸಣ್ಣ ಏಟು, ಒಂದು ದೊಡ್ಡದು. ಆಚೆ ಬದಿಯಲ್ಲಿ ಯಾರೂ ಇರಲಿಲ್ಲ. ಆದರೂ ಪ್ರತಿ ಏಟಿಗೂ ಆಚೆಯಿಂದ ಯಾರೋ ಬಲವಾಗಿ ಒತ್ತಿ ಹಿಡಿದ ಹಾಗಿತ್ತು. 

“ಬಿಡ್ರೀ,” ಎಂದಳು ಮೆಲ್ಲಗೆ. “ಬಿಟ್ಟುಬಿಡಿ. ಸಾಕು.”

ಮೇಸ್ತ್ರಿಗೆ ಕೇಳಿಸಿತೋ ಇಲ್ಲವೋ, ಅವನು ಬೇರೆ ಕಡೆ ನೋಡುತ್ತಿದ್ದ. ರಿವೆಟ್ಟಿನ ತಲೆ ಹಾರಿತು. ಆಮೇಲೆ ಉಳಿದವೂ ಒಂದೊಂದಾಗಿ ಹಾರಿದವು.

ಬ್ರಾಕೆಟ್ಟನ್ನು ಸನ್ನೆಗೋಲಿನಿಂದ ಎಬ್ಬಿಸಿ ತೆಗೆದಾಗ ಅದರ ಹಿಂದೆ ತೊಲೆಯ ಮೇಲೆ ಕೆಂಪು ಪ್ರೈಮರ್ ಬಣ್ಣ ಹೊಸದರ ಹಾಗೆ ಹೊಳೆಯಿತು. ತುಕ್ಕು ಹಿಡಿಯದಿರಲಿ ಎಂದು ಜೋಡಿಸುವ ಮುಂಚೆ ಬಳಿಯುವ ಬಣ್ಣ. ಅಷ್ಟು ವರ್ಷ ಗಾಳಿ ಬೆಳಕು ಕಂಡಿರಲಿಲ್ಲ. ಅದರ ನಡುವೆ ಒಂದು ಹೆಬ್ಬೆಟ್ಟಿನ ಗುರುತು ಇತ್ತು. ಒಣಗುವ ಮುಂಚೆ ಯಾರೋ ಒತ್ತಿ ನೋಡಿದ್ದರು. ಗೆರೆಗಳು ಸ್ಪಷ್ಟವಾಗಿದ್ದವು, ನಡುವೆ ಅಡ್ಡಕ್ಕೆ ಹಳೆಯ ಗಾಯದ ಗೆರೆಯೂ ಇತ್ತು. ಗಂಡನ ಆ ಗಾಯಕ್ಕೆ ಬಟ್ಟೆ ಕಟ್ಟಿದವಳು ಒತ್ತಕ್ಕನೇ. ಅವಳು ತನ್ನ ಹೆಬ್ಬೆಟ್ಟನ್ನು ಅದರ ಮೇಲಿಟ್ಟಳು. ಬಣ್ಣ ತಣ್ಣಗಿರಬೇಕಿತ್ತು. ಬೆಚ್ಚಗಿತ್ತು. ಆಗತಾನೆ ಗ್ರೈಂಡರ್ ಆಡಿತ್ತಲ್ಲ, ಅದಕ್ಕೇ ಇರಬೇಕು ಎಂದುಕೊಂಡಳು.

ಬಿರುಕನ್ನು ಬೆಸೆದು ಹೊಸ ಬ್ರಾಕೆಟ್ಟು ಕೂರಿಸಬೇಕಾದರೆ ತೊಲೆ ಬಿಳಿಯಾಗುವ ತನಕ ಬಣ್ಣ ಹೆರೆಯಬೇಕು. ಬಣ್ಣದ ಮೇಲೆ ಬೆಸುಗೆ ನಿಲ್ಲುವುದಿಲ್ಲ. “ನಾನು ಹೆರೀತೀನಿ, ನೀನು ಎದ್ದು ಹೋಗು,” ಎಂದ ಮೇಸ್ತ್ರಿ. ಅವಳು ಗ್ರೈಂಡರ್ ಬಿಟ್ಟುಕೊಡಲಿಲ್ಲ. ಸುತ್ತಲಿನ ಬಣ್ಣವನ್ನೆಲ್ಲ ಮೊದಲು ಹೆರೆದು, ಗುರುತನ್ನು ಕೊನೆಗೆ ಉಳಿಸಿಕೊಂಡಳು. ಇನ್ನು ಉಳಿಸಿಕೊಳ್ಳಲು ಏನೂ ಇಲ್ಲ ಎಂದಾದಾಗ ಅದನ್ನೂ ಹೆರೆದಳು. ಅತ್ತಳು ಕೂಡ. ಗ್ರೈಂಡರಿನ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ.

ಹೊರಗೆ ಬಂದು ಡ್ರೈವರಿಗೆ ಅವಳೇ ಹೇಳಿದಳು. “ನಮ್ಮವರು ಕಟ್ಟಿದ್ದರಲ್ಲೇ ತಪ್ಪಿತ್ತು. ಅವರು ಕಟ್ಟಿದ ಗಾಡಿ ಯಾವ್ಯಾವುದು ಗೊತ್ತೋ ಎಲ್ಲಾ ಡ್ರೈವರ್‌ಗಳಿಗೂ ಹೇಳು. ಇಲ್ಲಿಗೆ ತರಲಿ. ಹೋದ ತಿಂಗಳು ಪಟ್ಟಿ ಹಾಕಿಸಿಕೊಂಡು ಹೋದ ಲಾರಿ ಮೊದಲು ಬರಲಿ.” 

ಸಂಜೆ ಮನೆಗೆ ಬಂದರೆ ಅತ್ತೆ ಕಿಟಕಿಯ ಹತ್ತಿರವೇ ಕೂತಿದ್ದಳು. ಒತ್ತಕ್ಕ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಸುತ್ತಿ ಬಳಸದೆ, ಹೆಬ್ಬೆಟ್ಟಿನ ಗುರುತಿನವರೆಗೆ ಎಲ್ಲವನ್ನೂ ಹೇಳಿದಳು. 

“ಚಿಕ್ಕಂದಿನಲ್ಲೂ ಹಾಗೇ,” ಎಂದಳು ಮುದುಕಿ. “ಚೀಲಕ್ಕೆ ಗಂಟು ಹಾಕು ಅಂದ್ರೆ ಕತ್ತರಿ ತಗೊಂಡೇ ಕೊಯ್ಯಬೇಕು, ಹಾಗೆ ಹಾಕ್ತಿದ್ದ. ಬಿಚ್ಚಿಹೋದ್ರೆ ಅಂತ ಭಯ ಅವನಿಗೆ.”

“ಹೌದತ್ತೆ.”

“ಎಲ್ಲಾನೂ ಬಿಚ್ಚುತ್ತೀಯಾ?”

“ಸಿಕ್ಕಿದ್ದನ್ನೆಲ್ಲ ಬಿಚ್ಚಲೇಬೇಕು.”

“ಎಲ್ಲಾ ಬಿಚ್ಚಿದ ಮೇಲೆ ಅವನು ಎಲ್ಲಿರ್ತಾನೆ?”

ಒತ್ತಕ್ಕ ಕೈ ಕಾಲು ತೊಳೆದು ಒಲೆ ಹಚ್ಚೋಣ ಎಂದು ಏಳಲು ಹೋದಳು. ಅತ್ತೆ ಅವಳ ಕೈ ಹಿಡಿದಳು. ಮಣಿಕಟ್ಟಿನ ಮೇಲೆ, ಉಗುರಿನ ಸಂದಿಯಲ್ಲಿ, ಹೆರೆದ ಬಣ್ಣದ ಕೆಂಪು ಪುಡಿ ನುಣ್ಣಗೆ ಕೂತಿತ್ತು. ಮುದುಕಿ ಅದನ್ನು ಬೆರಳಲ್ಲಿ ಸವರಿ, ಮಂಜುಗಣ್ಣಿನ ಹತ್ತಿರ ತಂದು ನೋಡಿದಳು.

“ಇದೇನಾ ಆ ಗುರುತು?”

“ಹೂಂ ಅತ್ತೆ.”

“ಹಾಗಾದ್ರೆ ಈಗಲೇ ತೊಳೀಬೇಡ,” ಎಂದಳು ಅತ್ತೆ. “ಸ್ವಲ್ಪ ಹೊತ್ತು ಹೀಗೇ ಕೂತ್ಕೊ.”